ಧ್ವನಿನಿಕ್ಷೇಪ

ಕೊಟ್ಟದ್ದನ್ನು ತೆಗೆದುಕೊಳ್ಳುವುದಕ್ಕೂ ಬಿದ್ದದ್ದನ್ನು ಎತ್ತಿಕೊಳ್ಳುವುದಕ್ಕೂ ಭೇದವುಂಟೆಂಬುದನ್ನು ಎಳೆಯ ಮಕ್ಕಳೂ ಬಲ್ಲರು. ಆದರೆ ಕೊಟ್ಟದ್ದೂ ಅಲ್ಲದೆ ಬಿದ್ದದ್ದೂ ಅಲ್ಲದೆ, ಗಾಳಿಯಲ್ಲಿ ತೇಲಿಬಂದು ತಾನಾಗಿ ಕಿವಿಯನ್ನು ಹೊಗುವ ವಸ್ತುವೊಂದಿದೆ. ಅದು ದನಿ. ಅದನ್ನು ಹಿಡಿದಿಡುವ ಯಂತ್ರವು ಮನೆಯೊಳಗೆ ಬಂದಮೇಲೆ, ಹಿಡಿದಿಟ್ಟ ದನಿಯ ಒಡೆಯರು ಯಾರೆಂಬ ಪ್ರಶ್ನೆಯೂ ಅದರ ಬೆನ್ನಿಗೇ ಬಂದಿರುವುದು. ಇದು ಬರಿಯ ನ್ಯಾಯಾಲಯದ ಪ್ರಶ್ನೆಯಾಗಿದ್ದರೆ ವಕೀಲರಿಗೆ ಬಿಟ್ಟು ಸುಮ್ಮನಿರಬಹುದಾಗಿತ್ತು. ಹಾಗಲ್ಲ; ಇದು ಅಜ್ಜಿಗೂ ಮೊಮ್ಮಗನಿಗೂ ನಡುವೆ ಏಳತಕ್ಕ ಪ್ರಶ್ನೆಯಾಗಿದೆ.

ಆಳಂದದಿಂದ ಅಕ್ಕಲಕೋಟೆಯ ಕಡೆಗೆ ಹೋಗುವ ಹಾದಿಯಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡು ಹಿರೋಳ್ಳಿ ಎಂಬ ಊರಿದೆ. ಅಲ್ಲಿಯ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಕಾಲವು 2002ರ ಸುಮಾರು ಎಂದಿಟ್ಟುಕೊಳ್ಳಬಹುದು. ಮನೆಯ ಹಿರಿಯ ಮೊಮ್ಮಗನು ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ದೀಪಾವಳಿಯ ರಜೆಗೆ ಬರುವಾಗ ಒಂದು ಸಿ.ಡಿ. ರೆಕಾರ್ಡರನ್ನು ಹೊತ್ತು ತಂದಿದ್ದಾನೆ. ಮುತ್ಯಾನ ಕಾಲದ ನಾಲ್ಕಾರು ಕ್ಯಾಸೆಟ್ಟುಗಳು ಮನೆಯಲ್ಲಿವೆ, ಅಮಾವಾಸ್ಯೆಯ ಭಜನೆಯವು. ಸುರುಳಿ ಸವೆದು ಈಗ ದನಿಗಿಂತ ಸುಯ್ಯೆಂಬ ಸದ್ದೇ ಹೆಚ್ಚಾಗಿದೆ. ಅವನ್ನು ಹೊಸ ತಟ್ಟೆಗೆ ಇಳಿಸಬೇಕೆಂಬುದು ಅವನ ಮೊದಲನೆಯ ಸಂಕಲ್ಪ. ಎರಡನೆಯದು ಆಯಿಯ ಬೀಸುವ ಪದಗಳು. ಬೀಸುವ ಕಲ್ಲು ಮೂಲೆ ಸೇರಿ ಬಹಳ ವರ್ಷಗಳಾದುವು. ಹಿಟ್ಟಿನ ಗಿರಣಿ ಬಂದ ಊರಿನಲ್ಲಿ ಬೀಸುವ ಪದಕ್ಕೆ ಕೆಲಸವಿಲ್ಲ. ಕೆಲಸವಿಲ್ಲದ ಪದವು ನಾಲಗೆಯ ಮೇಲೆ ಬಹುಕಾಲ ನಿಲ್ಲುವುದಿಲ್ಲ.

“ಆಯೀ, ನಿನ್ನ ಪದಾ ಹಿಡದಿಡತೀನಿ, ಹಾಡು” ಎನ್ನುತ್ತಾನೆ ಮೊಮ್ಮಗ.

“ಅವು ನನ್ನವಲ್ಲಪಾ, ನಮ್ಮವ್ವನವು. ಹಿಡದಿಡಾಂವ ಆಕೀನ್ನ ಕೇಳಬೇಕು” ಎಂದು ಮುದುಕಿ ನಗುತ್ತಾಳೆ. ನಕ್ಕು, ಸೆರಗು ಸರಿಮಾಡಿಕೊಂಡು, ಹನ್ನೆರಡು ಪದಗಳನ್ನು ಹಾಡುತ್ತಾಳೆ.

ಆ ನಗೆಮಾತು ಸಣ್ಣದಲ್ಲ. ಅದನ್ನು ಬಿಡಿಸುವುದಕ್ಕೆ ಮೊದಲು ಯಂತ್ರದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು.

ಎಡಿಸನ್ನನು ದನಿಯನ್ನು ಮೊದಲು ಯಂತ್ರದಲ್ಲಿ ಹಿಡಿದು ಮರಳಿ ನುಡಿಸಿದ್ದು 1877ರಲ್ಲಿ. ಮರುವರ್ಷವೇ ಆತನು ಬರೆದ ಲೇಖನದಲ್ಲಿ ಈ ಯಂತ್ರದ ಉಪಯೋಗಗಳನ್ನು ಎಣಿಸುವಾಗ, ಮನೆಯವರ ಮಾತುಗಳನ್ನೂ ಸಾಯುವವರ ಕಡೆಯ ನುಡಿಗಳನ್ನೂ ಉಳಿಸಿಕೊಳ್ಳುವುದನ್ನು ಸೇರಿಸಿದ್ದನು. ಪೇಟೆಯ ಸಂಗೀತಕ್ಕಿಂತ ಮನೆಯ ದನಿಯ ಆಸೆಯೇನೂ ಕಿರಿಯದಲ್ಲವೆಂಬುದು ಇದರಿಂದ ತಿಳಿಯುವುದು. 1982ರಲ್ಲಿ ಸಿ.ಡಿ. ಬಂದಿತು. ಅದರಲ್ಲಿ ನಿಲ್ಲುವುದು ದನಿಯ ಗೆರೆಯಲ್ಲ, ದನಿಯ ಲೆಕ್ಕ. ಒಂದು ಸೆಕೆಂಡಿಗೆ 44,100 ಸಾರೆ ದನಿಯ ಏರಿಳಿತವನ್ನು ಅಳೆದು, ಆ ಅಳತೆಗಳನ್ನು ಅಂಕಿಗಳಾಗಿ ಬರೆದಿಡುತ್ತಾರೆ. ಮನೆಯಲ್ಲಿಯೇ ಬರೆಯತಕ್ಕ ರೆಕಾರ್ಡರುಗಳು 1990ರ ದಶಕದ ಉತ್ತರಾರ್ಧದಲ್ಲಿ ಸಾಮಾನ್ಯ ಗೃಹಸ್ಥರ ಕೈಗೆ ಎಟಕುವಂತಾದುವು. ಖಾಲಿ ತಟ್ಟೆಯ ಒಳಗೆ ತೆಳ್ಳನೆಯ ಬಣ್ಣದ ಪದರವಿರುವುದು. ಕಿರಣವು ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುವುದು. ಒಮ್ಮೆ ಸುಟ್ಟದ್ದನ್ನು ಅಳಿಸಲಾಗದು. ಅಳಿಸಿ ಬರೆಯಬಹುದಾದ ತಟ್ಟೆಗಳೂ ಬಂದುವಾದರೂ, ಅಗ್ಗವೂ ಎಲ್ಲ ಯಂತ್ರಗಳಲ್ಲಿ ನುಡಿಯುವಂಥವೂ ಆದವು ಈ ಒಂದೇಸಾರೆಯ ತಟ್ಟೆಗಳೇ.

ಇಂಥ ಯಂತ್ರವನ್ನು ಕೊಂಡವರ ಅನುಭವಗಳು ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಬಗೆಯವಾಗಿದ್ದುವು. ಕಂಪ್ಯೂಟರಿಗಾಗಿ ಮಾಡಿದ ಅಗ್ಗದ ತಟ್ಟೆಯನ್ನು ಹಾಕಿದರೆ ಯಂತ್ರವು ಉಗುಳುವುದು. ಸಂಗೀತಕ್ಕೆಂದೇ ಮಾಡಿದ, ಹೆಚ್ಚು ಬೆಲೆಯ ತಟ್ಟೆಯೇ ಅದಕ್ಕೆ ಬೇಕು. ದನಿಯ ಮಟ್ಟವನ್ನು ಸ್ವಲ್ಪ ಏರಿಸಿದರೆ ಕಿವಿ ಸೀಳುವ ಕರ್ಕಶ; ಹಳೆಯ ಕ್ಯಾಸೆಟ್ಟು ಇಂಥ ತಪ್ಪನ್ನು ಮರೆಸಿಕೊಳ್ಳುತ್ತಿತ್ತು, ಇದು ಮರೆಸದು. ಹಾಡುವವರು ಉಸಿರಿಗಾಗಿ ಎರಡು ಕ್ಷಣ ನಿಂತರೆ, ಹಾಡು ಮುಗಿಯಿತೆಂದು ಬಗೆದು ಯಂತ್ರವು ಹೊಸ ಸಂಖ್ಯೆಯನ್ನು ಕೊಡುವುದು. ಮುದುಕಿಯ ಒಂದೇ ಪದವು ಮೂರಾಗುವುದು. ನಡುವೆ ವಿದ್ಯುತ್ತು ಹೋದರೆ ತಟ್ಟೆಯೇ ಕೆಟ್ಟಿತು. ಎಲ್ಲ ಬರೆದಾದ ಮೇಲೆ ಸಮಾಪ್ತಿಯ ಗುಂಡಿಯನ್ನು ಒತ್ತಬೇಕು. ಅದನ್ನು ಮರೆತರೆ ಆ ತಟ್ಟೆಯು ಬರೆದ ಯಂತ್ರದಲ್ಲಿ ಮಾತ್ರ ಹಾಡುವುದು, ಬೇರೆಯವರ ಮನೆಯಲ್ಲಿ ಮೂಕ. ಹೀಗೆ ಮರೆತವರು ಬಹಳ ಮಂದಿ. ಇವೆಲ್ಲವೂ ತೊಂದರೆಗಳೇ. ಆದರೆ ಒಂದು ತೊಂದರೆಯಲ್ಲಿ ಗುಣವೂ ಇದ್ದಿತು. ಒಂದು ಗಂಟೆಯ ಕ್ಯಾಸೆಟ್ಟನ್ನು ತಟ್ಟೆಗಿಳಿಸಲು ಒಂದು ಗಂಟೆಯೇ ಹಿಡಿಯುತ್ತಿತ್ತು. ಇಳಿಸುವವನು ಎದುರಿಗೆ ಕುಳಿತು ಎಲ್ಲವನ್ನೂ ಕೇಳಬೇಕಾಗಿತ್ತು. ಮುತ್ಯಾನ ಕೆಮ್ಮು, ಭಜನೆಯ ನಡುವೆ ಯಾರೋ ಚಹಾ ಕೇಳಿದ್ದು, ಹೊರಗೆ ಎತ್ತಿನ ಕೊರಳ ಗಂಟೆ, ಎಲ್ಲವೂ ಮತ್ತೊಮ್ಮೆ ಅವನ ಕಿವಿಯ ಮೇಲೆ ಹಾದುಹೋಗುತ್ತಿದ್ದುವು. ಇಂದು ಅಂಗೈಯ ಫೋನಿನಿಂದ ನೂರು ಹಾಡುಗಳನ್ನು ನೂರು ಜನಕ್ಕೆ ಕಳಿಸುವವನು ಅವುಗಳಲ್ಲಿ ಒಂದನ್ನೂ ಕೇಳಬೇಕಾದ್ದಿಲ್ಲ.

ಯಂತ್ರದೊಳಗೆ ಒಂದು ಧರ್ಮಶಾಸ್ತ್ರವನ್ನೂ ತುಂಬಿದ್ದರೆಂಬುದು ಬಹುಶಃ ಎಲ್ಲ ವಾಚಕರಿಗೂ ತಿಳಿದಿರಲಾರದು. ಅಂಕಿಗಳನ್ನು ಸಾಗಿಸುವ ತಂತಿಯ ಮೂಲಕ ಒಂದು ತಟ್ಟೆಯಿಂದ ಪ್ರತಿಯೆತ್ತಿದರೆ ಆ ಪ್ರತಿಯಲ್ಲಿ ಗುರುತೊಂದು ಬೀಳುವುದು; ಗುರುತು ಬಿದ್ದ ಪ್ರತಿಯಿಂದ ಮತ್ತೆ ಅದೇ ರೀತಿಯಲ್ಲಿ ಪ್ರತಿಯೆತ್ತಲು ಯಂತ್ರವು ಒಪ್ಪದು. ತಟ್ಟೆಗೆ ಮಗನುಂಟು, ಮೊಮ್ಮಗನಿಲ್ಲ. ಅಮೆರಿಕೆಯವರು 1992ರ ಕಾನೂನಿನಿಂದ ಇದನ್ನು ಕಡ್ಡಾಯ ಮಾಡಿದ್ದಲ್ಲದೆ, ಯಂತ್ರದ ಬೆಲೆಯ ಮೇಲೆ ನೂರಕ್ಕೆ 2, ಖಾಲಿ ತಟ್ಟೆಯ ಬೆಲೆಯ ಮೇಲೆ ನೂರಕ್ಕೆ 3ರಂತೆ ಸಂಗೀತದ ಹಕ್ಕುದಾರರಿಗಾಗಿ ಶುಲ್ಕವನ್ನೂ ಕಟ್ಟಿದರು. ತನ್ನ ಕೂಸಿನ ತೊದಲುನುಡಿಯನ್ನು ಬರೆದಿಟ್ಟುಕೊಳ್ಳುವ ತಂದೆಯೂ ಆ ಶುಲ್ಕವನ್ನು ತೆತ್ತನು. ಕಳವಾಗುವುದಕ್ಕೆ ಮೊದಲೇ ದಂಡ ವಸೂಲಿ! ಸಾಧಾರಣ ತಂತಿಯ ಮೂಲಕವಾದರೆ ಎಷ್ಟು ಪ್ರತಿಗಳನ್ನಾದರೂ ಎತ್ತಬಹುದಾಗಿದ್ದಿತು. ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ತೆರವು. ಇದರಲ್ಲಿ ನಗತಕ್ಕದ್ದಿದ್ದರೂ ಮುಖ್ಯ ದೋಷವು ಬೇರೆ. ಈ ಯಂತ್ರಧರ್ಮವು ಎಷ್ಟನೆಯ ತಲೆಮಾರೆಂದು ಕೇಳುತ್ತದೆ. ಕೊಟ್ಟವರು ಯಾರೆಂದು ಕೇಳುವುದಿಲ್ಲ.

ನಮ್ಮ ದೇಶದ ಕಾನೂನೂ ಈ ಪ್ರಶ್ನೆಯ ಅರ್ಧಕ್ಕೆ ನಿಲ್ಲುತ್ತದೆ. 1957ರ ಕೃತಿಸ್ವಾಮ್ಯದ ಕಾಯಿದೆಯು ಖಾಸಗಿ ಉಪಯೋಗಕ್ಕಾಗಿ ನ್ಯಾಯವಾದ ಮಿತಿಯಲ್ಲಿ ಮಾಡಿಕೊಳ್ಳುವುದನ್ನು ತಪ್ಪೆಂದು ಎಣಿಸುವುದಿಲ್ಲ. 1994ರ ತಿದ್ದುಪಡಿಯಿಂದ ಹಾಡುವವರಿಗೂ ತಮ್ಮ ಹಾಡಿಕೆಯ ಮೇಲೆ ಹಕ್ಕು ದೊರೆಯಿತು. ಸಂತೋಷವೇ. ಆದರೆ ಅದೇ ಕಾಯಿದೆಯ ಪರಿಭಾಷೆಯಲ್ಲಿ ಧ್ವನಿಮುದ್ರಣದ ಕರ್ತೃವೆಂದರೆ ಅದನ್ನು ಮಾಡಿಸಿದವನು. ಎಂದರೆ, ಹಿರೋಳ್ಳಿಯ ಮನೆಯಲ್ಲಿ ಆಯಿ ಹಾಡಿದಳು, ಅವಳವ್ವ ಕಲಿಸಿದಳು, ಕರ್ತೃವಾದವನು ಗುಂಡಿ ಒತ್ತಿದ ಮೊಮ್ಮಗ. ಕಾನೂನಿಗೆ ಈ ಮಾತು ಸಾಕಾಗಬಹುದು, ಮನೆಗೆ ಸಾಕಾಗದು.

ಮನೆಗೆ ಸಾಕಾಗದಿರಲು ಕಾರಣವೇನು? ಮುದುಕಿಯಿಂದ ಏನನ್ನಾದರೂ ಕಸಿದಂತಾಯಿತೆ? ಹಾಡು ಅವಳ ನಾಲಗೆಯ ಮೇಲೆ ಮೊದಲಿನಂತೆಯೇ ಇದೆಯಲ್ಲ! ಇಲ್ಲಿ ಪ್ರಾಚೀನರ ಒಂದು ವಾದವನ್ನು ನೆನೆಯುವುದು ಪ್ರಯೋಜನಕರ. ಶಬ್ದವು ನಿತ್ಯವೆಂದು ಮೀಮಾಂಸಕರು. ಉಚ್ಚಾರಣೆಯು ಅದನ್ನು ಹುಟ್ಟಿಸುವುದಿಲ್ಲ, ಕತ್ತಲೆಯಲ್ಲಿದ್ದ ಗಡಿಗೆಯನ್ನು ದೀಪವು ತೋರಿಸುವಂತೆ ತೋರಿಸುವುದಷ್ಟೆ. ನೈಯಾಯಿಕರು ಹಾಗೆನ್ನರು. ಶಬ್ದವು ಹುಟ್ಟುತ್ತದೆ, ನೀರಿನಲ್ಲಿ ಅಲೆಯಿಂದ ಅಲೆ ಏಳುವಂತೆ ಮುಂದುವರಿದು ಕಿವಿಯನ್ನು ಸೇರುತ್ತದೆ, ನಾಶವಾಗುತ್ತದೆ. ಹಾಗಾದರೆ ನಿನ್ನೆ ಕೇಳಿದ ಅಕ್ಷರವನ್ನೇ ಇಂದೂ ಕೇಳಿದೆನೆಂಬ ತಿಳಿವು ಹೇಗೆ? ವಿಶ್ವನಾಥ ಪಂಚಾನನನ ಭಾಷಾಪರಿಚ್ಛೇದವನ್ನು ಓದಿದ ವಿದ್ಯಾರ್ಥಿಗಳಿಗೆ ಉತ್ತರವು ಗೊತ್ತು. ಒಬ್ಬನು ಕುಡಿದ ಔಷಧವನ್ನೇ ಮತ್ತೊಬ್ಬನೂ ಕುಡಿದನೆಂದು ಲೋಕದಲ್ಲಿ ಹೇಳುವರಷ್ಟೆ. ಕುಡಿದ ಗುಟುಕು ಅದೇ ಅಲ್ಲ, ಜಾತಿ ಅದೇ. ಈ ತಟ್ಟೆಯ ವಿಷಯದಲ್ಲಿ ನೈಯಾಯಿಕರ ಪಕ್ಷವೇ ಬಲವುಳ್ಳದ್ದೆಂದು ತೋರುವುದು. ಆಯಿ ಹಾಡಿದ ದನಿಯು ಆ ದಿನವೇ ಆ ಪಡಸಾಲೆಯಲ್ಲಿಯೇ ಲಯವಾಯಿತು. ತಟ್ಟೆಯಲ್ಲಿರುವುದು ಅಂಕಿ. ಅದರಿಂದ ಹುಟ್ಟುವುದು ಸಜಾತೀಯವಾದ ಮತ್ತೊಂದು ದನಿ.

ಅಂದಮೇಲೆ ಕಳವಿನ ಮಾತೇ ಇಲ್ಲವೆಂದು ಹೇಳಿ ಕೈ ತೊಳೆದುಕೊಳ್ಳಬಹುದೆ? ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಒಂದು ವಿಚಿತ್ರವಾದ ಮಾತಿದೆ. ಒಬ್ಬರು ವೇದವನ್ನು ಹೇಳಿಕೊಳ್ಳುವಾಗ, ಅವರ ಅಪ್ಪಣೆಯಿಲ್ಲದೆ ಕೇಳಿ ಕಲಿತವನಿಗೆ ಬ್ರಹ್ಮಸ್ತೇಯವೆಂಬ ದೋಷವು ಬರುವುದಂತೆ. ಹೇಳಿದವರ ವೇದವು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ವಿದ್ಯೆಯು ಕೊಟ್ಟಷ್ಟೂ ಬೆಳೆಯುವ ಧನವೆಂದು ಸಾರುವ ಪರಂಪರೆಯೇ ಇದನ್ನು ಕಳವೆಂದು ಕರೆಯಿತು. ಈ ನಿಯಮವು ಎಷ್ಟೋ ಜನರ ಮುಖಕ್ಕೆ ಬಾಗಿಲನ್ನು ಹಾಕಿತೆಂಬುದು ನಿಜ. ಆ ಪಾಪವನ್ನು ಮುಚ್ಚಿಡುವುದು ಯಾವ ಪಂಡಿತನಿಗೂ ಶೋಭಿಸದು. ಆದರೂ ಅದರ ಹೊಟ್ಟನ್ನು ತೂರಿದರೆ ಒಂದು ಕಾಳು ಉಳಿಯುವುದು. ವಸ್ತುವು ಕಡಿಮೆಯಾಗದಿದ್ದರೂ ಅಪ್ಪಣೆಯು ಬೇಕು; ಏಕೆಂದರೆ ಹೇಳುವವರು ಯಾವ ಕಿವಿಗೆ ಹೇಳಿದರೆಂಬುದೂ ಹೇಳಿದ್ದರ ಒಂದು ಭಾಗವಾಗಿದೆ. ಜೋಗುಳವು ತೊಟ್ಟಿಲಿಗೆ, ಸೋಬಾನವು ಮದುಮಕ್ಕಳಿಗೆ. ಬೀಸುವ ಪದವು ಮನೆಯೆಲ್ಲ ಮಲಗಿರುವಾಗ ಕಲ್ಲಿಗೆ ಹೇಳಿದ್ದು.

ಇದಕ್ಕೆ ಎದುರಾದ ಮಾದರಿಯೂ ಇದೇ ಸೀಮೆಯಲ್ಲಿದೆ. ಜೇವರ್ಗಿಯ ಕಡೆಯ ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳಿಗೆ ಬಾಗಿಲೇ ಇಲ್ಲ. ಅವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು, ಖೈನೂರ ಕೃಷ್ಣಪ್ಪನವರೂ ಇದ್ದರು. ಏಕತಾರಿ ಹಿಡಿದವರೆಲ್ಲರೂ ಆ ಪದಗಳನ್ನು ಹಾಡಿದರು. ಒಂದೊಂದು ಕಂಠದಲ್ಲಿ ಒಂದೊಂದು ಮಾತು ಬದಲಾಯಿತು. ಯಾರೂ ಅಪ್ಪಣೆ ಕೇಳಲಿಲ್ಲ. ಆದರೆ ಪದದ ಕೊನೆಯಲ್ಲಿ ಅಂಕಿತವು ತಪ್ಪಲಿಲ್ಲ. ಹಾಡುವವನು ಪ್ರತಿಯೊಂದು ಸಾರೆಯೂ ಒಡೆಯರ ಹೆಸರನ್ನು ತನ್ನ ಬಾಯಿಂದಲೇ ಹೇಳಿ ಇಳಿಯುತ್ತಾನೆ. ಹೆಂಗಸರ ಬೀಸುವ ಪದಕ್ಕೆ ಅಂಕಿತವಿಲ್ಲ. ಭೀಮೆಯ ಆಚೆಯ ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡನ್ನು ಅಚ್ಚುಹಾಕಿಸಿದರು. ಅವರು ಆ ಪದಗಳನ್ನು ಕೂಡಿಸದಿದ್ದರೆ ಕನ್ನಡಕ್ಕೆ ಎಷ್ಟು ನಷ್ಟವಾಗುತ್ತಿತ್ತೆಂಬುದನ್ನು ಹೇಳಬೇಕಾದ್ದಿಲ್ಲ. ಆದರೂ ಪದವನ್ನು ಕೂಡಿಸಿದವರ ಹೆಸರನ್ನು ಓದುಗರು ಬಲ್ಲರು, ಕಟ್ಟಿದವಳ ಹೆಸರು ಪದದಲ್ಲಿಯೇ ಇಲ್ಲ. ಅಂಕಿತವಿಲ್ಲದ ಕಡೆ ಎಚ್ಚರವು ಹೆಚ್ಚಾಗಬೇಕಲ್ಲದೆ ಕಡಿಮೆಯಾಗಬಾರದು.

ಒಲ್ಲೆನೆನ್ನುವ ಹಕ್ಕಿನ ಮಾತು ಬಂದಾಗ ಅಲ್ಲಾದಿಯಾಖಾನರನ್ನು ನೆನೆಯದಿರಲಾಗದು. ಜಯಪುರ-ಅತ್ರೌಲಿ ಘರಾಣೆಯ ಈ ಮಹಾಗಾಯಕರು 1946ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಗ್ರಾಮೋಫೋನು ಹಿಂದೂಸ್ಥಾನಕ್ಕೆ ಬಂದು ನಾಲ್ಕು ದಶಕಗಳು ಮೀರಿದ್ದುವು. ಅವರು ಅದಕ್ಕೆ ಹಾಡಲಿಲ್ಲ. ಧಾರವಾಡದಲ್ಲಿ ಕೆಲವು ಕಾಲ ಸಂಗೀತವನ್ನು ಕಲಿಸಿದ, 1922ರಲ್ಲಿ ತೀರಿದ ಭಾಸ್ಕರಬುವಾ ಬಖಲೆಯವರ ದನಿಯೂ ಯಾವ ತಟ್ಟೆಯಲ್ಲಿಯೂ ಉಳಿದಿಲ್ಲ. ಆದರೆ ಅಲ್ಲಾದಿಯಾಖಾನರ ಗಾಯಕಿಯು ನಾಶವಾಗಲಿಲ್ಲ. ಅವರ ಮಗ ಮಂಜಿಖಾನರಿಂದಲೂ, 1937ರಲ್ಲಿ ಮಂಜಿಖಾನರು ತೀರಿದ ಮೇಲೆ ತಮ್ಮನಾದ ಭುರ್ಜಿಖಾನರಿಂದಲೂ ಧಾರವಾಡದ ಮಲ್ಲಿಕಾರ್ಜುನ ಮನಸೂರರಿಗೆ ಅದು ಬಂದಿತು. ಮನಸೂರರ ತಟ್ಟೆಗಳು ಇಂದು ಮನೆಮನೆಗಳಲ್ಲಿವೆ. ಖಾನಸಾಹೇಬರ ಮತ್ತೊಬ್ಬ ಶಿಷ್ಯೆ ಕೇಸರಬಾಯಿ ಕೇರ್ಕರರ ಭೈರವಿಯು 1977ರಲ್ಲಿ ವಾಯೇಜರ್ ನೌಕೆಗಳ ಬಂಗಾರದ ತಟ್ಟೆಯನ್ನೇರಿ ಆಕಾಶಕ್ಕೆ ಹೋಯಿತು. ಅದೇ ವರ್ಷ ಆಕೆ ತೀರಿಕೊಂಡರು. ಗುರುವು ಸೂಜಿಗೆ ಒಲ್ಲೆನೆಂದರು. ಶಿಷ್ಯೆಯ ದನಿಯು ಸೂರ್ಯಮಂಡಲದ ಗ್ರಹಗಳನ್ನೆಲ್ಲ ದಾಟಿತು. ಗುರುವಿನ ನಿರಾಕರಣೆಯಿಂದ ಲೋಕಕ್ಕೆ ನಷ್ಟವಾಯಿತೆ? ಆಯಿತು, ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಬಾಗಿಲ ಸಂದಿಯಲ್ಲಿ ಯಂತ್ರವನ್ನಿಟ್ಟು ಆ ದನಿಯನ್ನು ಯಾರಾದರೂ ಹಿಡಿದಿದ್ದರೆ, ಆ ತಟ್ಟೆಯನ್ನು ಕೇಳುವವನ ಸುಖದಲ್ಲಿ ಒಂದು ಮುಳ್ಳು ಇದ್ದೇ ಇರುತ್ತಿತ್ತು.

ಹಿಡಿದಿಟ್ಟವನು ಒಡೆಯನಲ್ಲವಾದರೆ ಮತ್ತೇನು? ಧರ್ಮಶಾಸ್ತ್ರದ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೆಂಬುದು ಒಂದು. ಕನ್ನಡದಲ್ಲಿ ಈ ಶಬ್ದವು ಹೂತಿಟ್ಟ ಹೊನ್ನೆಂಬ ಅರ್ಥಕ್ಕೆ ತಿರುಗಿದೆ. ಮೊಮ್ಮಗನು ಮೊದಲು ತಟ್ಟೆಯನ್ನು ಕಂಡದ್ದೂ ಆ ಅರ್ಥದಲ್ಲಿಯೇ. ಶಾಸ್ತ್ರದಲ್ಲಿ ನಿಕ್ಷೇಪವೆಂದರೆ ನಂಬಿ ಒಪ್ಪಿಸಿದ ಒಡವೆ. ಇಟ್ಟುಕೊಂಡವನು ಅದನ್ನು ತನ್ನದರಂತೆ ಕಾಯಬೇಕು, ತನ್ನದೆಂದು ಬಳಸಬಾರದು, ಕೇಳಿದಾಗ ಕೊಟ್ಟಂತೆಯೇ ಹಿಂದಿರುಗಿಸಬೇಕು. ಕಳ್ಳರೋ ನೀರೋ ಬೆಂಕಿಯೋ ಒಯ್ದರೆ ಅವನು ಹೊಣೆಯಲ್ಲ. ತನ್ನ ಅಲಕ್ಷ್ಯದಿಂದ ಹೋದರೆ ಹೊಣೆ. ಹೊಸಕಾಲದ ಯಂತ್ರಕ್ಕೆ ಇಷ್ಟು ಚೆನ್ನಾಗಿ ಹೊಂದುವ ಧರ್ಮವು ಬೇರೊಂದು ದೊರೆಯಲಾರದು.

ಕಾಯುವುದೆಂದರೆ ಅಟ್ಟದ ಮೇಲಿಡುವುದಲ್ಲ. ಕೈಯಾರೆ ಬರೆದ ಈ ತಟ್ಟೆಗಳ ಬಣ್ಣದ ಪದರವು ಬಿಸಿಲಿಗೂ ಶಾಖಕ್ಕೂ ಕೆಡುವಂಥದು. ಕಲಬುರ್ಗಿಯ ಸೀಮೆಯ ಬೇಸಗೆಯೋ ನಲವತ್ತು ಡಿಗ್ರಿಯನ್ನು ಮೀರತಕ್ಕದ್ದು. ನೂರು ವರ್ಷ ಬಾಳುವುದೆಂಬ ಮಾತನ್ನು ನಂಬಿ ಕೊಂಡವರಲ್ಲಿ ಹಲವರು ಕೆಲವೇ ವರ್ಷಗಳಲ್ಲಿ ತಟ್ಟೆಯು ತೊದಲುವುದನ್ನು ಕಂಡರು. ಮೇಲೆ ಅಂಟುಚೀಟಿ ಹಚ್ಚಿ ಕೆಡಿಸಿಕೊಂಡವರುಂಟು, ಮೊನಚಾದ ಲೇಖನಿಯಿಂದ ಹೆಸರು ಬರೆದು ಕೆಡಿಸಿಕೊಂಡವರುಂಟು. ಹಳೆಯ ಓಲೆಗಟ್ಟಿನ ಕೊನೆಯಲ್ಲಿ ಲಿಪಿಕಾರನು ಪುಸ್ತಕದ ಬಾಯಿಂದಲೇ ಮೊರೆಯಿಡಿಸುತ್ತಿದ್ದನು: ಎಣ್ಣೆಯಿಂದ ಕಾಯಿರಿ, ನೀರಿನಿಂದ ಕಾಯಿರಿ, ಮೂರ್ಖರ ಕೈಗೆ ಕೊಡಬೇಡಿರಿ ಎಂಬ ಅಭಿಪ್ರಾಯದಲ್ಲಿ. ಓಲೆಯು ಉಳಿದದ್ದು ಗಟ್ಟಿಯಾಗಿದ್ದುದರಿಂದಲ್ಲ, ತಲೆಮಾರಿಗೊಮ್ಮೆ ಯಾರೋ ಕುಳಿತು ಪ್ರತಿ ಮಾಡಿದ್ದರಿಂದ. ತಟ್ಟೆಗೂ ಅದೇ ಗತಿ.

ಹಿಂದಿರುಗಿಸುವ ಧರ್ಮವು ಇದಕ್ಕಿಂತ ಕಠಿನ. ಹಿರೋಳ್ಳಿಯ ಆ ಮನೆಗೆ ಮರಳಿ ಹೋಗೋಣ. ವರ್ಷ ಕಳೆದು ಮೊಮ್ಮಗನು ಮತ್ತೆ ದೀಪಾವಳಿಗೆ ಬಂದಾಗ, ಹನ್ನೆರಡು ಪದಗಳಲ್ಲಿ ಒಂಬತ್ತನೆಯದನ್ನು ತೆಗೆದುಬಿಡಬೇಕೆಂದು ಆಯಿ ಹೇಳುತ್ತಾಳೆ. ಉಳಿದವೆಲ್ಲ ಅವ್ವನವೇ. ಆ ಒಂದರ ನಡುವಿನ ನಾಲ್ಕು ನುಡಿಗಳು ಮಾತ್ರ ಅವಳವು. ಬಾಳದೆ ಹೋದ ಮೊದಲನೆಯ ಕೂಸಿನ ಹೆಸರು ಅದರಲ್ಲಿದೆ. “ನಸುಕಿನ್ಯಾಗ ಒಬ್ಬಾಕೀನೇ ಬೀಸೋ ಮುಂದ ಹಾಡಿದ್ದದು. ಮಂದಿ ಕೇಳೂದಲ್ಲ” ಎನ್ನುತ್ತಾಳೆ. ಪೆಟ್ಟಿಗೆಯೊಳಗೆ ಏನಿದೆಯೆಂದು ಹೇಳದೆ ಮುಚ್ಚಿ ಒಪ್ಪಿಸಿದ ಒಡವೆಗೆ ಯಾಜ್ಞವಲ್ಕ್ಯನು ಉಪನಿಧಿಯೆಂಬ ಬೇರೆ ಹೆಸರನ್ನೇ ಇಟ್ಟಿದ್ದಾನೆ. ಒಂದು ವರ್ಷ ಅವನ ಕೈಯಲ್ಲಿದ್ದದ್ದು ಏನೆಂದು ಈಗ ಅವನಿಗೆ ತಿಳಿಯಿತು.

ಸುಟ್ಟದ್ದನ್ನು ಅಳಿಸಲಾಗದಷ್ಟೆ. ಹೊಸ ತಟ್ಟೆಯನ್ನು ಹಾಕಿ, ಎಂಟು ಪದಗಳನ್ನು ಇಳಿಸಿ, ಒಂಬತ್ತನೆಯದು ಹಾಡಿಹೋಗುವ ತನಕ ಕೈ ಕಟ್ಟಿ ಕುಳಿತು, ಉಳಿದ ಮೂರನ್ನು ಇಳಿಸುತ್ತಾನೆ. ಹಳೆಯ ತಟ್ಟೆಯನ್ನೇನು ಮಾಡಬೇಕು? ಮನೆಯಲ್ಲಿ ಎರಡು ಮಾತು ಹುಟ್ಟುವುವು. ಒಡೆದುಬಿಡೆಂದು ತಾಯಿ. ಆಯಿಗೆ ತಿಳಿಯದಂತೆ ಇಟ್ಟಿರು, ಆ ಕೂಸಿನ ಗುರುತು ಲೋಕದಲ್ಲಿ ಇನ್ನೆಲ್ಲಿಯೂ ಇಲ್ಲವೆಂದು ತಮ್ಮ. ತಮ್ಮನ ಮಾತು ಹಗುರವಾದದ್ದಲ್ಲ. ನೂರು ವರ್ಷದ ಮೇಲೆ ಯಾರಾದರೂ ತೂಗಿದರೆ ಅವನ ತಕ್ಕಡಿಯೇ ಕೆಳಗಿಳಿಯಬಹುದು. ಆದರೆ ಬಚ್ಚಿಡುವುದು ಹೇಗೋ ಹಾಗೆಯೇ ಒಡೆಯುವುದೂ ಒಡೆತನದ ಕೆಲಸ, ಎರಡೂ ಮೊಮ್ಮಗನವಲ್ಲ. ತಟ್ಟೆಯನ್ನು ಅವಳ ಕೈಗೇ ಕೊಡತಕ್ಕದ್ದು. ಕೊಡುತ್ತಾನೆ. ಅವಳು ಅದನ್ನು ಬೆಳಕಿಗೆ ಹಿಡಿದು ತಿರುವಿ ನೋಡಿ, ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಡುತ್ತಾಳೆ. ಒಡೆಯೆಂದೂ ಹೇಳಳು, ಇಡೆಂದೂ ಹೇಳಳು.

ಹೋದ ವರ್ಷವೇ ಒಂದು ಪ್ರತಿಯು ಅಫಜಲಪುರಕ್ಕೆ, ತಂಗಿಯ ಮನೆಗೆ ಹೋಗಿದೆ. ಆಕೆಯ ಗಂಡನ ಮನೆಯಲ್ಲಿ ಅದನ್ನು ಎಷ್ಟು ಜನ ಕೇಳಿದರೋ ತಿಳಿಯದು. ಬೆಳಗಿನ ಬಸ್ಸಿಗೆ ಹೊರಟರೆ ಮಧ್ಯಾಹ್ನದೊಳಗೆ ಅಲ್ಲಿಗೆ ಮುಟ್ಟಬಹುದು. ಹನ್ನೊಂದು ಪದಗಳ ಹೊಸ ತಟ್ಟೆಯನ್ನು ಅರಿವೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದಕ್ಕೆ ತಂಗಿಯ ಮುಂದೆ ಯಾವ ಮಾತಿನಿಂದ ತೊಡಗಬೇಕೆಂದು ಅವನು ರಾತ್ರಿಯೆಲ್ಲ ಯೋಚಿಸುತ್ತಾನೆ.